ಟಾಪು ಮಡಿಸುವ ಕಾರಿನ ಪಂಥ

ಶಿಡ್ಲಘಟ್ಟದ ವೆಂಕಟರವಣಪ್ಪನವರಿಗೆ ಊರಿನವರು ಇಟ್ಟಿದ್ದ ಹೆಸರು ‘ಅರ್ಧ ರವಣಪ್ಪ’. ಇದನ್ನು ಅನ್ಯಾಯ ಎನ್ನುವ ಹಾಗಿರಲಿಲ್ಲ. ಅವರ ತೋಟದಲ್ಲಿ ಅರ್ಧ ತೋಡಿದ ಬಾವಿ ಇತ್ತು, ಮನೆಯ ಸುತ್ತ ಅರ್ಧ ಎದ್ದ ಕಾಂಪೌಂಡು ಇತ್ತು, ಅಂಬಾಜಿದುರ್ಗದ ಬೆಟ್ಟ ಹತ್ತಲು ಹೊರಟು ನಡುದಾರಿಯಲ್ಲಿ ಬುತ್ತಿ ಬಿಚ್ಚಿ ಉಂಡು ಇಳಿದು ಬಂದ ಖ್ಯಾತಿಯೂ ಇತ್ತು. ಹಾಗಂತ ಅವರೇನು ಸೋಮಾರಿಗಳಲ್ಲ. ಒಂದು ಕೆಲಸದ ನಡುವೆ ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸ ಹೊಳೆದುಬಿಟ್ಟರೆ ಪಾಪ, ಅವರಾದರೂ ಏನು ಮಾಡಬೇಕು?

ಅವರು ಶುರುವನ್ನೇ ಮಾಡದೆ ಉಳಿಸಿಕೊಂಡಿದ್ದ ಒಂದೇ ಒಂದು ವಸ್ತುವೆಂದರೆ ಟಾಪು ಮಡಿಸುವ ಕಾರು. ಅವರ ತಂದೆ ಮುನಿನರಸಪ್ಪನವರು ಅದನ್ನು ಕೋಲಾರದ ಚಿನ್ನದ ಗಣಿ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯ ಇಂಜಿನಿಯರನಿಂದ ಕೊಂಡಿದ್ದರು. ಆಗ ತಾಲ್ಲೂಕಿಗೆಲ್ಲ ಅದೊಂದೇ ಕಾರು. ತಂದೆ ತೀರಿಕೊಂಡ ಮೇಲೆ ಅದು ರೇಷ್ಮೆಹುಳು ಸಾಕುವ ಹುಳದ ಮನೆಯ ಎದುರಿನ ಕೊಟ್ಟಿಗೆ ಸೇರಿತು. ವೆಂಕಟರವಣಪ್ಪನವರು ಅದನ್ನು ಮಾರಲೂ ಇಲ್ಲ, ಓಡಿಸಲೂ ಇಲ್ಲ. ಪ್ರತಿ ಆಯುಧಪೂಜೆಗೆ ತೊಳೆದು, ಕುಂಕುಮ ಇಟ್ಟು, ಸ್ಟೀರಿಂಗಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಆ ಸ್ಟೀರಿಂಗ್ ಹಿಡಿದದ್ದು ಅವರಿಗೆ ನೆನಪಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅರವತ್ತನಾಲ್ಕನೆಯ ಇಸವಿಯಲ್ಲಿ ನೆಂಟರ ಮನೆಯ ನಾಮಕರಣದ ಊಟ ಮುಗಿಸಿ ಗಂಡಸರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಗ್ರಹಚಾರ ವಕ್ಕರಿಸಿತು. ಮಿಡಲ್ ಸ್ಕೂಲಿನ ವರದರಾಜ ಮೇಷ್ಟ್ರು ಇಂಗ್ಲಿಷ್ ಪೇಪರು ಬಿಡಿಸಿ, ಬೆಂಗಳೂರಿನ ಯಾವುದೋ ಕ್ಲಬ್ಬಿನವರು ಹಳೆಯ ಕಾರುಗಳ ಪ್ರದರ್ಶನ ಏರ್ಪಡಿಸಿದ್ದಾರೆಂದು ಓದಿ ಹೇಳಿದರು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಕಾರು ಹಾಗೇ ಇರಬೇಕಂತೆ. ಒಂದು ಮೊಳೆ ಬದಲಾಗಿದ್ದರೂ ಅಂಕ ಕಳೆಯುತ್ತಾರಂತೆ. ಹೊರಊರಿನ ಕಾರುಗಳನ್ನು ಪರೀಕ್ಷಕರೇ ಮೊದಲು ಬಂದು ನೋಡಿ, ಇಂಜಿನ್ನು ಶುರು ಮಾಡಿಸಿ, ಯೋಗ್ಯವಾದರೆ ಮಾತ್ರ ಕರೆಸುತ್ತಾರಂತೆ.

“ಭಾವ, ನಿಮ್ ಕಾರೂ ಕಳ್ಸಿ ಮತ್ತೆ,” ಎಂದು ನಕ್ಕವರು ಚಿಂತಾಮಣಿಯ ನರಸಿಂಹಪ್ಪನವರು. ಇವರು ವೆಂಕಟರವಣಪ್ಪನವರ ಹೆಂಡತಿ ರಾಮಲಕ್ಷ್ಮಮ್ಮನ ಖಾಸಾ ಅಣ್ಣ. ಹಿಡಿದ ಕೆಲಸ ಮುಗಿಸುವ ಜಾತಿ. “ಕೋಳಿ ಮೊಟ್ಟೆ ಇಕ್ಕೋ ಕಾರಿಗೆ ಬೇರೆ ಬಹುಮಾನ ಇದ್ರೂ ಇರ್ಬೋದು. ಅದನ್ನ ನಂಗ್ ಕೊಡಿ ಅಂತ ಎಷ್ಟ್ ಸಲ ಹೇಳ್ದೆ? ಮೇಲ್ಗಡೆ ಕುಯ್ದು ಹಲಗೆ ಜಡಿದ್ರೆ ಆಲೂಗಡ್ಡೆ ಮೂಟೆ ಸಾಗ್ಸೋಕೆ ಫಸ್ಟ್ ಕ್ಲಾಸ್ ಗಾಡಿ.”

ಆಲೂಗಡ್ಡೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ವೆಂಕಟರವಣಪ್ಪನವರು ಎದ್ದು ನಿಂತುಬಿಟ್ಟರು. “ಕಳಿಸ್ತೀನಿ! ಹೊಸದ್ರಲ್ಲಿ ಹೆಂಗಿತ್ತೋ ಹಂಗೇ ಮಾಡ್ತೀನಿ. ಪರೀಕ್ಷೆ ಮಾಡೋರು ಬೇಡ ಅಂದ್ರೆ ಅವತ್ತೇ ನೀವ್ ತಗೊಂಡ್ ಹೋಗಿ!”

“ತಾಂಬೂಲ ಕೈಲಿ ಹಿಡ್ಕೊಂಡ್ ಹೇಳ್ತಿದೀರ, ನೋಡಿ.”

ವೆಂಕಟರವಣಪ್ಪನವರು ಕೈ ನೋಡಿಕೊಂಡರು. ಹೌದು, ತಾಂಬೂಲವಿತ್ತು. ನಮ್ಮ ಕಡೆ ತಾಂಬೂಲ ಹಿಡಿದು ಆಡಿದ ಮಾತಿಗೆ ರಿಜಿಸ್ಟ್ರಿ ಬೇಕಿಲ್ಲ. ನರಸಿಂಹಪ್ಪನವರೂ ತಮ್ಮ ಎಲೆ ಅಡಿಕೆ ಎತ್ತಿ ಹಿಡಿದರು. “ಹಂಗಾದ್ರೆ ನಂದೂ ಕೇಳಿ. ಅವ್ರು ಬೇಡ ಅಂದ ದಿನ ಹೊತ್ತು ಮುಳುಗೋದ್ರೊಳಗೆ ಎತ್ತು ಕಟ್ಟಿ ಎಳ್ಕೊಂಡ್ ಹೋಗ್ತೀನಿ. ಎಳ್ಕೊಂಡ್ ಹೋಗ್ದೆ ಬಿಟ್ರೆ ಈ ಜನ್ಮದಲ್ಲಿ ಆ ತಗಡಿನ ಹೆಸರೆತ್ತಲ್ಲ.”

ಹೆಂಗಸರ ಪಂಕ್ತಿಯಲ್ಲಿ ಬಡಿಸುತ್ತಿದ್ದ ರಾಮಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಇಬ್ಬರ ಮಾತನ್ನೂ ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ವೆಂಕಟರವಣಪ್ಪನವರು ಕಾರನ್ನು ಮೊದಲ ಸಲ ಕಣ್ಣು ಬಿಟ್ಟು ನೋಡಿದರು. ಇಷ್ಟು ವರ್ಷಗಳಲ್ಲಿ ಅದರ ಒಂದೊಂದೇ ಭಾಗ ಊರಿನ ಸೇವೆಗೆ ಹೊರಟುಹೋಗಿತ್ತು. ಮುಂದಿನ ಸೀಟು ಮುನಿಶಾಮಪ್ಪನ ಕ್ಷೌರದಂಗಡಿಯಲ್ಲಿತ್ತು. ಹಾರನ್ ಪಕ್ಕದ ಮನೆಯ ಬಯ್ಯಪ್ಪನ ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸುತ್ತಿತ್ತು. ದೀಪ ಭಜನೆ ಮಂದಿರದಲ್ಲಿತ್ತು. ಟಾಪಿನ ಬಟ್ಟೆ ಯಾವ ಮದುವೆಯ ಚಪ್ಪರಕ್ಕೆ ಹೋಗಿತ್ತೋ ದೇವರೇ ಬಲ್ಲ.

“ಸೀಟ್ ನಿಮ್ದೇ ಸ್ವಾಮಿ, ನಾನ್ಯಾಕ್ ಇಲ್ಲ ಅನ್ಲಿ?” ಎಂದ ಮುನಿಶಾಮಪ್ಪ. “ಆದ್ರೆ ನನ್ ಗಿರಾಕಿಗಳು ಅದಕ್ಕೆ ಒಗ್ಗೋಗವ್ರೆ. ಬೇರೆ ಕುರ್ಚಿ ಮೇಲೆ ಕೂತ್ರೆ ಅವ್ರ ಗಡ್ಡಾನೇ ನೆನೆಯಲ್ಲ. ಸೀಟ್ ಎಲ್ಲೋ ನಾನೂ ಅಲ್ಲೇ.”

ಮಾತು ಅಂದರೆ ಮಾತು. ಮರುದಿನದಿಂದ ಮುನಿಶಾಮಪ್ಪ ಕತ್ತಿ, ಕಲ್ಲು, ಕನ್ನಡಿ ಸಮೇತ ಕಾರಿನಲ್ಲೇ ಠಿಕಾಣಿ ಹೂಡಿದ. ಬೆಳಗಾದರೆ ಕೊಟ್ಟಿಗೆಯ ಮುಂದೆ ಸರದಿ ಸಾಲು. ಕೊಟ್ಟಿಗೆಯಲ್ಲಿ ಪರವಾನಗಿ ಇಲ್ಲದೆ ಕ್ಷೌರದಂಗಡಿ ನಡೆಯುತ್ತಿದೆಯೆಂದು ಯಾರೋ ಮೂಗರ್ಜಿ ಹಾಕಿದ್ದರಿಂದ ಒಬ್ಬ ಸರ್ಕಾರಿ ಇನ್ಸ್‌ಪೆಕ್ಟರು ತನಿಖೆಗೆ ಬಂದರು. ವೆಂಕಟರವಣಪ್ಪನವರು ಬೆವರುತ್ತ ಅವರಿಗೆ ಎಲ್ಲವನ್ನೂ ವಿವರಿಸುತ್ತಿದ್ದಾಗ ಮುನಿಶಾಮಪ್ಪ ತನಿಖೆಗೆ ಬಂದವರ ಕೆನ್ನೆಗೆ ಸೋಪು ಹಚ್ಚಿಬಿಟ್ಟಿದ್ದ. ಹೋಗುವಾಗ ಇನ್ಸ್‌ಪೆಕ್ಟರು ಗಲ್ಲ ಸವರಿಕೊಂಡು, “ಕಾರು ಸರಿಯಾಗೇ ಇದೆ,” ಎಂದು ಷರಾ ಹೇಳಿ ಹೋದರು.

ಭಜನೆ ಮಂಡಳಿಯವರು ದೀಪವನ್ನು ಮಂಗಳಾರತಿ ಸಮೇತ ತಂದು ಒಪ್ಪಿಸಿದರು. ಅದು ದೇವರ ಮುಂದೆ ಉರಿದ ದೀಪವಾದ್ದರಿಂದ ಇನ್ನು ಮೇಲೆ ಆ ಕಾರಿಗೆ ಚಪ್ಪಲಿ ಕಾಲಲ್ಲಿ ಹತ್ತಕೂಡದು ಎಂಬುದೊಂದೇ ಅವರ ಷರತ್ತು. ಬಯ್ಯಪ್ಪ ಹಾರನ್ನು ಕೊಟ್ಟನೇನೋ ನಿಜ. ಆದರೆ ಹಕ್ಕಿಗಳಿಗೆ ಈ ಪಂಥ ಗೊತ್ತಿಲ್ಲವಲ್ಲ. ತೋಟದಲ್ಲಿ ಗಿಳಿಹಿಂಡು ಇಳಿದಾಗಲೆಲ್ಲ ಬಯ್ಯಪ್ಪ ಅರ್ಧ ಕಾಂಪೌಂಡಿನ ಸಂದಿಯಲ್ಲಿ ನುಗ್ಗಿ ಬಂದು, ಚಪ್ಪಲಿ ಬಿಟ್ಟು, ಕಾರು ಹತ್ತಿ, ಬೋಂಯ್ ಬೋಂಯ್ ಎಂದು ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಕತ್ತಿ ಹಿಡಿದ ಮುನಿಶಾಮಪ್ಪನ ಕೈ ಪ್ರತಿ ಸಲವೂ ಬೆಚ್ಚುತ್ತಿತ್ತು. ಊರಿನಲ್ಲಿ ಗಲ್ಲಕ್ಕೆ ಅರಿಶಿನ ಹಚ್ಚಿಕೊಂಡು ಓಡಾಡುವ ಗಂಡಸರ ಸಂಖ್ಯೆ ಹೆಚ್ಚಿತು.

“ರೀ, ಒಳಗೆ ಹುಳ ಜ್ವರಕ್ ಕೂತವೆ,” ಎಂದು ರಾಮಲಕ್ಷ್ಮಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತು ಗದರಿದರು. ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಇರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. “ಹೊತ್ತಾರೆಯಿಂದ ಈ ಬೋಂಯ್ ಬೋಂಯ್ ಕೇಳಿ ಅವಕ್ಕಿರ್ಲಿ, ನಂಗೇ ಜ್ವರ ಬರೋ ಹಂಗಾಗಿದೆ.”

“ಸ್ವಲ್ಪ ದಿನ ತಡ್ಕೊಳೇ. ಅಪ್ಪನ ಕಾರು ಕಣೇ.”

“ಅಪ್ಪನ ಕಾರು ಅಂತ ಗೊತ್ತಿದ್ದೋರು ತಾಂಬೂಲ ಯಾಕ್ ಹಿಡಿಬೇಕಿತ್ತು?”

ಈ ಪ್ರಶ್ನೆ ವೆಂಕಟರವಣಪ್ಪನವರ ನಿದ್ದೆ ಕೆಡಿಸಿತು. ಈಗೀಗ ಕಣ್ಣು ಮುಚ್ಚಿದರೆ ಅಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದಾರೆ, ಹಿಂದೆ ಆಲೂಗಡ್ಡೆ ಮೂಟೆ ಪೇರಿಸಿದೆ, ಅಪ್ಪ ತಿರುಗಿ ನೋಡಿ, “ಇದೇನೋ ರವಣಾ?” ಎನ್ನುತ್ತಿದ್ದಾರೆ.

ಆಮೇಲೆ ಬಣ್ಣದ ರಗಳೆ. ಮೂಲ ಬಣ್ಣ ಯಾವುದು? ತಗಡು ತುಕ್ಕು ಹಿಡಿದು ಯಾವ ಗುಟ್ಟನ್ನೂ ಬಿಡಲಿಲ್ಲ. ವೆಂಕಟರವಣಪ್ಪನವರಿಗೆ ನೆನಪಿದ್ದದ್ದು ಸ್ಟೀರಿಂಗು ಒಂದೇ. ಹೊಸತರಲ್ಲಿ ಅದನ್ನು ಕಂಡವರಲ್ಲಿ ಉಳಿದಿದ್ದವರು ಸೋದರತ್ತೆ ಗಂಗುಲಮ್ಮನವರು ಮಾತ್ರ. ಮದುವಣಗಿತ್ತಿಯಾಗಿ ಅದೇ ಕಾರಿನಲ್ಲಿ ದಿಬ್ಬೂರಹಳ್ಳಿಯ ಗಂಡನ ಮನೆಗೆ ಹೋಗಿದ್ದವರು. ವೆಂಕಟರವಣಪ್ಪನವರು ಗಾಡಿ ಮಾಡಿಕೊಂಡು ಹೋಗಿ ಅವರನ್ನು ಕರೆತಂದರು.

“ಹಿಪ್ಪುನೇರಳೆ ಹಣ್ಣಿನ ಬಣ್ಣ ಕಣೋ,” ಎಂದರು ಗಂಗುಲಮ್ಮ ಒಂದು ಕ್ಷಣವೂ ತಡೆಯದೆ.

ಕಾರಿಗೆ ಹಿಪ್ಪುನೇರಳೆ ಹಣ್ಣಿನ ಕಡುನೇರಳೆ ಬಣ್ಣ ಬಳಿದದ್ದಾಯಿತು. ಗಂಗುಲಮ್ಮನವರು ಸುತ್ತ ಬಂದು ಕಣ್ಣು ಕಿರಿದು ಮಾಡಿ ನೋಡಿದರು. “ಇಷ್ಟ್ ಹಣ್ಣಾಗಿರ್ಲಿಲ್ಲ. ದೋರೆಗಾಯಿ.” ದೋರೆಗಾಯಿಯ ಕೆಂಪು ಬಳಿದರು. “ಊಹೂಂ. ಹಸಿರು ಇದ್ದಂಗಿತ್ತು, ಎಲೆದೋ ಕಾಯಿದೋ.” ಮೂರನೆಯ ಸಲ ಬಣ್ಣ ಒಣಗುವ ಹೊತ್ತಿಗೆ ವೆಂಕಟರವಣಪ್ಪನವರು ಅವರ ಕಾಲು ಹಿಡಿಯುವುದೊಂದು ಬಾಕಿ.

“ಅತ್ತೇ, ನೀನು ಸರಿಯಾಗ್ ನೋಡಿದ್ದೆ ತಾನೆ?”

“ನೋಡೋದೆಲ್ಲಿ ಬಂತೋ! ಹೊಸಾ ಮದುಮಗಳು, ತಲೆ ಎತ್ತೋ ಹಾಗಿತ್ತಾ? ಅದೂ ಅಲ್ದೆ ನಿಮ್ಮಪ್ಪ ಓಡ್ಸೋ ರಭಸಕ್ಕೆ ಇಲ್ಲಿಂದ ದಿಬ್ಬೂರಹಳ್ಳಿ ತನಕ ಕಣ್ ಮುಚ್ಕೊಂಡೇ ಕೂತಿದ್ದೆ.”

ಕಾರು ಹಸಿರಾಗಿಯೇ ಉಳಿಯಿತು. ಇನ್ನು ಟಾಪು. ಅದರ ಕಮಾನುಗಳಿಗೆ ಬಿದಿರು ಬೇಕಿತ್ತು. ಬಿದಿರು ಹುಡುಕುತ್ತ ಹಿತ್ತಿಲಿಗೆ ಹೋದ ವೆಂಕಟರವಣಪ್ಪನವರಿಗೆ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳು ಕಂಡವು. ಚಂದ್ರಿಕೆ ಎಂದರೆ ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅದಿಲ್ಲದೆ ಬೆಳೆಯಿಲ್ಲ. ಹಿಂದುಮುಂದು ನೋಡದೆ ಅವನ್ನೆಲ್ಲ ಸೀಳಿ, ಬಾಗಿಸಿ, ಕಾರಿಗೆ ಕಮಾನು ಕಟ್ಟಿ, ಮೇಲೆ ಗೋಣಿತಾಟು ಹೊದಿಸಿದರು. ದೂರದಿಂದ ನೋಡಿದರೆ ಟಾಪಿನಂತೆಯೇ ಕಾಣುತ್ತಿತ್ತು. ಹತ್ತಿರದಿಂದ ನೋಡಿದ ರಾಮಲಕ್ಷ್ಮಮ್ಮ ತಲೆಯ ಮೇಲೆ ಕೈಹೊತ್ತು ಕೂತರು.

“ಹುಳ ಹಣ್ಣಾದ್ರೆ ಎಲ್ಲಿ ಬಿಡ್ಲಿ? ನಿಮ್ ತಲೆ ಮೇಲಾ?”

“ಹಣ್ಣಾಗೋ ಹೊತ್ಗೆ ಬೇರೆ ತಂದ್‌ಕೊಡ್ತೀನಿ ಕಣೇ,” ಎಂದರು ವೆಂಕಟರವಣಪ್ಪನವರು. ಹಾಗೆನ್ನುವಾಗ ಅವರ ಮನಸ್ಸಿನಲ್ಲಿ ತರುವ ಉದ್ದೇಶ ಪೂರ್ತಿ ಇತ್ತು. ಅಷ್ಟರಲ್ಲಿ ಇಂಜಿನ್ನಿನ ಯೋಚನೆ ಹೊಳೆಯಿತು.

ಇಂಜಿನ್ನಿಗೆಂದು ಚಿಂತಾಮಣಿಯಿಂದ ಚಲಪತಿ ಬಂದ. ಬಾವಿ ಪಂಪುಸೆಟ್ಟು ರಿಪೇರಿಯಲ್ಲಿ ಎತ್ತಿದ ಕೈ. “ಏಮೀ ಕಾದು ಸ್ವಾಮಿ, ಏನೂ ಆಗಲ್ಲ. ಪಂಪ್‌ಸೆಟ್ಟಿಗೂ ಕಾರಿಗೂ ಏನ್ ಡಿಫರೆನ್ಸು? ಅದು ನಿಂತ ಕಡೆ ನೀರ್ ಎತ್ತುತ್ತೆ, ಇದು ನಮ್ಮನ್ನ ಎತ್ಕೊಂಡ್ ಹೋಗುತ್ತೆ.” ಹೀಗೆಂದವನು ಇಂಜಿನ್ನನ್ನು ಬಿಚ್ಚಿ ಅಂಗಳದ ತುಂಬ ಹರಡಿ, ಮತ್ತೆ ಕೂಡಿಸಿದ. ಒಂದಷ್ಟು ಭಾಗಗಳು ಮಿಕ್ಕವು. “ಇವು ಅನವಸರ, ಬೇಕೇ ಇಲ್ಲ. ದೊರೆಗಳು ಸುಮ್ನೆ ಅಂದಕ್ಕೆ ಇಟ್ಟವ್ರೆ,” ಎಂದು ಒಂದು ಚೀಲಕ್ಕೆ ತುಂಬಿ ವೆಂಕಟರವಣಪ್ಪನವರ ಕೈಗೆ ಕೊಟ್ಟ. ಅವರು ಆ ಚೀಲವನ್ನು ಎದೆಗವಚಿಕೊಂಡು ನಿಂತರು.

ಪರೀಕ್ಷಕರು ಬರುವ ಹಿಂದಿನ ದಿನ ಹೊತ್ತು ಇಳಿಯುವ ಸಮಯಕ್ಕೆ ಊರೆಲ್ಲ ಅಂಗಳದಲ್ಲಿ ನೆರೆಯಿತು. ವೆಂಕಟರವಣಪ್ಪನವರು ಚಪ್ಪಲಿ ಬಿಟ್ಟು, ಕೈಮುಗಿದು, ಮುನಿಶಾಮಪ್ಪನ ಸೀಟಿನಲ್ಲಿ ಕೂತರು. ಚಲಪತಿ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ಎಷ್ಟೋ ವರ್ಷಗಳ ಹೊಗೆಯನ್ನು ಒಮ್ಮೆಗೇ ಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು. ವೆಂಕಟರವಣಪ್ಪನವರ ಕಣ್ಣು ಒದ್ದೆಯಾಯಿತು. ಅವರು ಗೇರು ಮುಂದಕ್ಕೆ ತಳ್ಳಿದರು, ಕಾರು ಹಿಂದಕ್ಕೆ ಹೊರಟಿತು.

“ಬ್ರೇಕು! ಬ್ರೇಕು ಒತ್ರೀ!” ಎಂದು ವರದರಾಜ ಮೇಷ್ಟ್ರು ಕೂಗಿದರು. ವೆಂಕಟರವಣಪ್ಪನವರು ಒತ್ತಿದರು. ಬ್ರೇಕಿಗೆ ಸೇರಬೇಕಾದದ್ದು ಬಹುಶಃ ಚೀಲದಲ್ಲಿತ್ತು. ಕಾರು ಅಂಗಳ ದಾಟಿ, ಕೋಳಿಗೂಡು ಉರುಳಿಸಿ, ಹುಳದ ಮನೆಯ ಜೋಡಿ ಬಾಗಿಲನ್ನು ಬೆನ್ನಿನಿಂದ ತಳ್ಳಿ ತೆರೆದು ಒಳಗೆ ಹೋಗಿ, ಖಾಲಿ ಇದ್ದ ಎಡಗಡೆಯ ಗೋಡೆಗೆ ಆತು ನಿಂತು, ಒಂದು ನಿಟ್ಟುಸಿರು ಬಿಟ್ಟು ಆರಿಹೋಯಿತು. ಆಮೇಲೆ ಚಲಪತಿ ತೋಳು ಸೋಲುವವರೆಗೆ ಹ್ಯಾಂಡಲ್ ತಿರುಗಿಸಿದರೂ ಅದು ಗುಟುಕ್ ಎನ್ನಲಿಲ್ಲ. “ಅಯಿಪೋಯಿಂದಿ, ಮುಗೀತು,” ಎಂದು ಹೇಳಿ ಅವನು ಚಿಂತಾಮಣಿಯ ಬಸ್ಸು ಹಿಡಿದ.

“ಎಳೆದು ಹೊರಕ್ಕೆ ಹಾಕೋಣ ಬನ್ರಪ್ಪ,” ಎಂದು ನಾಲ್ಕಾರು ಜನ ಮುಂದಾದರು. ರಾಮಲಕ್ಷ್ಮಮ್ಮ ಬಲಗಡೆ ಹುಳದ ತಟ್ಟೆಗಳ ಮುಂದೆ ತೋಳು ಅಗಲಿಸಿ ನಿಂತರು. “ಒಬ್ರೂ ಒಳಗೆ ಕಾಲಿಡ್ಬೇಡಿ. ಹೊಗೆ ಕುಡಿದು ಹುಳ ಈಗ್ಲೇ ಕಂಗಾಲಾಗವೆ. ಕಿಟಕಿ ತೆಗ್ದು ಗಾಳಿ ಬಿಡ್ತೀನಿ. ಎಲ್ರೂ ಮನೆಗ್ ಹೋಗಿ.”

ಜನ ಚದುರಿದರು. ವೆಂಕಟರವಣಪ್ಪನವರು ಜಗಲಿಯ ಮೇಲೆ ಚೀಲ ಹಿಡಿದು ಕೂತರು. ಇಂಜಿನ್ನು ಸತ್ತಿತು. ನಾಳೆ ಪರೀಕ್ಷಕರು ಬರುತ್ತಾರೆ, ಬೇಡ ಎನ್ನುತ್ತಾರೆ, ಎತ್ತು ಬರುತ್ತದೆ, ಹಗ್ಗ ಬರುತ್ತದೆ. ಬಯ್ಯಪ್ಪ ತಲೆಯ ಮೇಲೆ ಅಗಲವಾದದ್ದೇನನ್ನೋ ಹೊತ್ತು ಕಾಂಪೌಂಡಿನ ಸಂದಿಯಿಂದ ಹಿತ್ತಿಲಿಗೆ ಹೋದದ್ದು ಅವರ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ಅಪ್ಪಾ, ನಾನು ಅರ್ಧಾನೇ,” ಎಂದು ಗಟ್ಟಿಯಾಗಿಯೇ ಅಂದುಕೊಂಡರು. ಹುಳದ ಮನೆಯ ಬಾಗಿಲಲ್ಲಿದ್ದ ರಾಮಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಮೊದಲು ಬಂದವರು ನರಸಿಂಹಪ್ಪನವರು. ಎರಡು ಜೊತೆ ಎತ್ತು, ಹೊಸ ಹಗ್ಗ. “ಆತುರ ಇಲ್ಲ ಭಾವ. ಅವ್ರ ಬಾಯಿಂದ ಬರ್ಲಿ,” ಎಂದು ಜಗಲಿಯ ಮೇಲೆ ಕಾಲು ನೀಡಿ ಕೂತರು. ಮಧ್ಯಾಹ್ನದ ಹೊತ್ತಿಗೆ ಪರೀಕ್ಷಕರು ಬಂದರು. ನಿವೃತ್ತ ಮಿಲಿಟರಿ ಮೇಜರು, ಬಾಯಲ್ಲಿ ಚುಟ್ಟ, ಮೈಯೆಲ್ಲ ಸೆಂಟಿನ ಘಮಘಮ. ವೆಂಕಟರವಣಪ್ಪನವರು ಬಾಡಿದ ಮುಖದಲ್ಲಿ ಅವರನ್ನು ಹುಳದ ಮನೆಗೆ ಕರೆದೊಯ್ದರು. ಬಾಗಿಲಲ್ಲಿ ರಾಮಲಕ್ಷ್ಮಮ್ಮ ಚೊಂಬು ಹಿಡಿದು ನಿಂತಿದ್ದರು.

“ಚುಟ್ಟ ಆಚೆ ಬಿಡಿ. ಬೂಟ್ ಬಿಚ್ಚಿ, ಕಾಲ್ ತೊಳ್ಕೊಳಿ. ಆ ವಾಸ್ನೆ ಕೋಟೂ ಬಿಚ್ಬಿಡಿ. ಒಳಗೆ ಪಿಸುಮಾತು, ಜೋರಾಗ್ ಆಡ್ಬಾರ್ದು.”

ಎಷ್ಟೋ ಸಿಪಾಯಿಗಳನ್ನು ನಡುಗಿಸಿದ್ದ ಮೇಜರ್ ಸಾಹೇಬರು ಬನೀನಿನಲ್ಲಿ, ಬರಿಗಾಲಲ್ಲಿ, ತುದಿಗಾಲಿಡುತ್ತ ಒಳಗೆ ನಡೆದರು. ಅವರ ಹಿಂದೆ ನಡೆದ ವೆಂಕಟರವಣಪ್ಪನವರು ಅಲ್ಲೇ ನಿಂತುಬಿಟ್ಟರು.

ಕಾರು ಇರಲಿಲ್ಲ. ಕಾರಿದ್ದ ಜಾಗದಲ್ಲಿ ಬಂಗಾರದ ಬಣ್ಣದ ಹುಳುಗಳ ರಾಶಿ ಇತ್ತು. ಟಾಪಿನ ಬಿದಿರು ಕಮಾನುಗಳಲ್ಲಿ, ಸೀಟಿನ ಮೇಲೆ ಹರಡಿದ್ದ ಹುಲ್ಲಿನಲ್ಲಿ, ದೇವರ ದೀಪದ ಗಾಜಿನೊಳಗೆ, ಹಾರನ್ನಿನ ಬಾಯಲ್ಲಿ, ಸ್ಟೀರಿಂಗಿನ ಸುತ್ತ, ಎಲ್ಲೆಲ್ಲೂ ಹುಳುಗಳು ತಲೆಯಾಡಿಸುತ್ತ ನೂಲು ತೆಗೆಯುತ್ತಿದ್ದವು. ಅಲ್ಲಲ್ಲಿ ಗೂಡು ಮೂಡತೊಡಗಿತ್ತು.

“ರಾತ್ರೀನೇ ಹಣ್ಣಾಗ್ಬಿಟ್ವು,” ಎಂದರು ರಾಮಲಕ್ಷ್ಮಮ್ಮ ಪಿಸುದನಿಯಲ್ಲಿ. “ಚಂದ್ರಿಕೆ ಎಲ್ಲಾ ಇವ್ರು ಕಾರಿಗೆ ಕಟ್ಟವ್ರೆ. ಹುಳ ಎಲ್ಲಿ ಬಿಡ್ಲಿ? ಅದಕ್ಕೆ ಇದ್ರಲ್ಲೇ ಬಿಟ್ಟೆ.”

“ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ಬೇಕಲ್ಲಮ್ಮಾ,” ಎಂದು ಮೇಜರೂ ಪಿಸುಗುಟ್ಟಿದರು.

“ಗೂಡ್ ಕಟ್ಟೋ ಹುಳಾನ ಅಲ್ಲಾಡಿಸ್ತಾರಾ ಸ್ವಾಮಿ?”

ಮೇಜರ್ ಸಾಹೇಬರು ಹೊರಗೆ ಬಂದು, ಕೋಟು ತೊಟ್ಟು, ದೀರ್ಘವಾಗಿ ಉಸಿರೆಳೆದುಕೊಂಡರು. “ಮಿಸ್ಟರ್ ವೆಂಕಟರವಣಪ್ಪ, ನಾನು ಬಹಳ ಕಾರು ನೋಡಿದೀನಿ. ಇಲಿ ಇದ್ದ ಕಾರು ನೋಡಿದೀನಿ, ಹಾವಿದ್ದ ಕಾರೂ ನೋಡಿದೀನಿ. ಕಾರ್ಖಾನೆಯವರು ಹುಳ ಹಾಕಿ ಕಳಿಸಿದ್ರು ಅಂತ ಮಾತ್ರ ನಾನು ಬರೆಯೋಕೆ ಆಗಲ್ಲ. ಸಾರಿ. ಇದು ಬೇಡ.”

ಬೇಡ ಎಂಬ ಮಾತು ಬಂದದ್ದೇ ನರಸಿಂಹಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಎದ್ದರು. “ಹೂಡ್ರೋ ಎತ್ತು!” ಹಗ್ಗ ಹೆಗಲಿಗೆ ಹಾಕಿಕೊಂಡು ಹುಳದ ಮನೆಯ ಬಾಗಿಲಿಗೆ ಬಂದವರು ಒಳಗೆ ಇಣುಕಿದರು. ಹಗ್ಗ ಕೈಜಾರಿತು.

“ಬಾ ಅಣ್ಣಯ್ಯ,” ಎಂದರು ತಂಗಿ ನಯವಾಗಿ. “ತಗೊಂಡ್ ಹೋಗು. ಮಾತು ಅಂದ್ರೆ ಮಾತು.”

“ಲಕ್ಷ್ಮೀ… ಹುಳ ಗೂಡಿಗ್ ಬಿಟ್ಟಂಗಿದೆ?”

“ಹೂಂ. ಎಳಿ. ತವರುಮನೆ ಅಣ್ಣ ಬಂದು ತಂಗಿ ಬೆಳೆ ತುಳಿದ ಅಂತ ಜನ ಏನೋ ಅನ್ಕೊಂತಾರೆ, ಅನ್ಕೊಳ್ಲಿ ಬಿಡು.”

ನರಸಿಂಹಪ್ಪನವರೂ ಹುಳು ಸಾಕುವ ಮನೆಯವರೇ. ಗೂಡು ಕಟ್ಟುವ ಹುಳುವನ್ನು ಅಲ್ಲಾಡಿಸುವುದೆಂದರೆ ಅವರ ಪಾಲಿಗೆ ಹಾಲು ಕುಡಿಯುವ ಕೂಸನ್ನು ಕಿತ್ತು ಎಸೆದ ಹಾಗೆ. ಒಂದು ಕಾಲು ಒಳಗಿಟ್ಟರು, ತೆಗೆದರು. ಬಿಸಿಲು ನೋಡಿದರು. ಅಂಗಳದ ಉದ್ದಗಲ ಓಡಾಡಿದರು. “ಗೂಡ್ ಬಿಡ್ಸಿದ್ ಮೇಲೆ ಬರ್ಲಾ?” ಎಂದು ಕೇಳಿದರು.

“ಹೊತ್ತು ಮುಳುಗೋದ್ರೊಳಗೆ ಅಂತ ತಾಂಬೂಲ ಹಿಡಿದೋರು ಯಾರಪ್ಪಾ?” ಎಂದು ಗಂಗುಲಮ್ಮನವರು ಗೋಡೆಗೆ ಒರಗಿ ಕೂತಲ್ಲಿಂದಲೇ ಕೇಳಿದರು. ಮುನಿಶಾಮಪ್ಪ, ಬಯ್ಯಪ್ಪ, ಮೇಷ್ಟ್ರು, ಭಜನೆ ಮಂಡಳಿ ಸಮಸ್ತರೂ ಹೌದು ಹೌದು ಎಂದು ತಲೆಯಾಡಿಸಿದರು. ಹೊತ್ತು ಯಾರ ಮುಲಾಜೂ ನೋಡದೆ ಮುಳುಗಿತು. ನರಸಿಂಹಪ್ಪನವರು ಹಗ್ಗ ಸುತ್ತಿಕೊಂಡು, ಮಾತಿಗೆ ತಪ್ಪದವರಾದ್ದರಿಂದ, ತಗಡಿನ ಹೆಸರೆತ್ತದೆ ಚಿಂತಾಮಣಿಗೆ ಹೊರಟರು.

ಗೂಡು ಬಿಡಿಸುವ ದಿನ ಬಯ್ಯಪ್ಪ ಕಾಂಪೌಂಡಿನ ಸಂದಿಯಿಂದ ತಲೆ ಹಾಕಿದ. “ರವಣಪ್ಪನೋರೆ, ನಮ್ ಚಂದ್ರಿಕೆ ಕೆಲ್ಸ ಆಯ್ತಾ? ಅವತ್ತು ಅಕ್ಕ ಹೇಳಿ ಕಳಿಸಿದ್ರು ಅಂತ ನಾನೇ ಹೊತ್ಕೊಂಡ್ ಬಂದ್ ಹಿತ್ಲಲ್ಲಿ ಇಟ್ಟಿದ್ದೆ.”

ವೆಂಕಟರವಣಪ್ಪನವರು ಹಿತ್ತಿಲಿಗೆ ಹೋಗಿ ನೋಡಿದರು. ಚಂದ್ರಿಕೆಗಳು ಗೋಡೆಗೆ ಒರಗಿ ನಿಂತಿದ್ದವು. ಒಂದಕ್ಕೂ ನೂಲಿನ ಎಳೆ ಅಂಟಿರಲಿಲ್ಲ. ಅವರು ನಿಧಾನವಾಗಿ ಹುಳದ ಮನೆಗೆ ಬಂದರು. ರಾಮಲಕ್ಷ್ಮಮ್ಮ ಟಾಪಿನ ಕಮಾನಿನಿಂದ ಗೂಡು ಬಿಡಿಸುತ್ತಿದ್ದರು.

“ಏನೇ, ಹಿತ್ಲಲ್ಲಿ ಚಂದ್ರಿಕೆ ಖಾಲಿ ಅವೆ.”

“ಹೂಂ.”

“ಅಂದ್ರೆ… ಬೇಕೂಂತ್ಲೇ ಕಾರಲ್ಲಿ…”

“ನಿಮ್ಮಪ್ಪ ತೊಡೆ ಮೇಲೆ ಕೂರಿಸ್ಕೊಂಡಿದ್ ಜಾಗದಲ್ಲಿ ನಮ್ಮಣ್ಣ ಆಲೂಗಡ್ಡೆ ಮೂಟೆ ಇಡೋದನ್ನ ನಾನು ನೋಡ್ಬೇಕಾಗಿತ್ತಾ?” ರಾಮಲಕ್ಷ್ಮಮ್ಮ ತಿರುಗಿ ನೋಡಲಿಲ್ಲ. “ಬಾಯ್ ಬಿಟ್ಕೊಂಡ್ ನಿಂತ್ಕೋಬೇಡಿ. ಆ ಕಡೆಯಿಂದ ಬಿಡ್ಸಿ. ಅರ್ಧಕ್ಕೆ ಎದ್ದು ಹೋದ್ರೆ ನೋಡಿ ಮತ್ತೆ!”

ವೆಂಕಟರವಣಪ್ಪನವರು ಚಪ್ಪಲಿ ಬಿಟ್ಟು ಕಾರು ಹತ್ತಿ ಕೂತರು. ದೀಪದೊಳಗಿನದು, ಹಾರನ್ನಿನ ಬಾಯಿಯದು, ಸೀಟಿನ ಸಂದಿಯದು, ಒಂದೊಂದೇ ಗೂಡು ಬಿಡಿಸಿ ಬುಟ್ಟಿಗೆ ಹಾಕಿದರು. ನಡುವೆ ಎಷ್ಟೋ ಯೋಚನೆಗಳು ಹೊಳೆದವು, ಏಳಲಿಲ್ಲ. ಸಂಜೆಯಾಗುವ ಹೊತ್ತಿಗೆ ಕಾರು ಪೂರ್ತಿ ಖಾಲಿಯಾಯಿತು. ಸ್ಟೀರಿಂಗಿಗೆ ಅಂಟಿಕೊಂಡಿದ್ದ ಒಂದೇ ಒಂದು ಗೂಡನ್ನು ಮಾತ್ರ ಅವರು ಬಿಡಿಸದೆ ಹಾಗೇ ಬಿಟ್ಟರು.